ನಡುಗುವ ಸಹಿ

ಮಕ್ಕಳೇ, ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕುಳಿತು ಬೇರೆಯವರ ಸಹಿ ತಾಳೆ ನೋಡಿದವನು ನಾನು. ಒಂದು ಕೊಂಬು ವಾಲಿದರೂ ಚೆಕ್ಕು ವಾಪಸು ಮಾಡುತ್ತಿದ್ದೆ. ಕಳೆದ ತಿಂಗಳು ಕೌಂಟರಿನಲ್ಲಿ ನನ್ನದೇ ಚೆಕ್ಕು ವಾಪಸು ಬಂತು. ಕಾರಣ, ಸಹಿ ಹೊಂದುವುದಿಲ್ಲ!

ಜೊತೆಗಿದ್ದ ಏಳನೇ ತರಗತಿಯ ಮೊಮ್ಮಗಳು, "ತಾತ, ನಿನ್ನ ಕೈ ಯಾಕೆ ನಡುಗುತ್ತೆ?" ಎಂದಳು. "ವಯಸ್ಸಾಯ್ತಲ್ಲಮ್ಮ" ಎಂದು ಬಾಯಿಗೆ ಬಂದಿತ್ತು. ಇಷ್ಟು ವರ್ಷ ಎಲ್ಲರಿಗೂ ಅದನ್ನೇ ಹೇಳಿದ್ದೆ. ಅಂದು ಎಳನೀರಿನ ಗಾಡಿಯ ಬಳಿ ನಿಂತು ನಿಜ ಹೇಳಿದೆ.

ನನಗೆ ಬೈಪೋಲಾರ್ ಎಂಬ ಮನಸ್ಸಿನ ಕಾಯಿಲೆ ಇದೆ. ಕೆಲವು ಕಾಲ ಉತ್ಸಾಹ ಉಕ್ಕಿ ನಿದ್ದೆಯೇ ಬೇಡ. ಕೆಲವು ಕಾಲ ಹಾಸಿಗೆಯಿಂದ ಏಳಲೂ ಆಗದಷ್ಟು ದುಃಖ. ಅದನ್ನು ಹತೋಟಿಯಲ್ಲಿಡುವುದು ಲಿಥಿಯಂ ಮಾತ್ರೆ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಆವರ್ತ ಕೋಷ್ಟಕದ ಮೂರನೆಯ ಧಾತು ಅದೇ. ಅತಿ ಉತ್ಸಾಹದ ಕಾಯಿಲೆಗೆ ಅದು ಮದ್ದೆಂದು 1949ರಲ್ಲಿ ಬರೆದವರು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್.

ಆದರೆ ಈ ಮದ್ದು ಬಡ್ಡಿಯನ್ನೂ ವಸೂಲು ಮಾಡುತ್ತದೆ. ಕೈನಡುಕ, ಬಾಯಾರಿಕೆ, ಪದೇ ಪದೇ ಮೂತ್ರ, ಏರುವ ತೂಕ. ನಡುಕಕ್ಕೆ ನಾಚಿ ಒಮ್ಮೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಸಹಿ ನೆಟ್ಟಗಾಯಿತು. ಎರಡೇ ತಿಂಗಳಲ್ಲಿ ಮಗಳ ಮದುವೆಗೆಂದು ಇಟ್ಟ ಠೇವಣಿ ಮುರಿಸಿ, ಬೇಡದ ಸಾಮಾನು ತಂದು ಮನೆ ತುಂಬಿಸಿದೆ. ಆ ವರ್ಷ ನನ್ನ ಹೆಂಡತಿ ಅತ್ತದ್ದನ್ನು ಇಂದಿಗೂ ಮರೆತಿಲ್ಲ.

ಈಗ ಹೊಂದಿಕೊಳ್ಳಲು ಕಲಿತಿದ್ದೇನೆ. ಲೋಟಕ್ಕೆ ಅರ್ಧವೇ ಕಾಫಿ. ಬಾಯಾರಿದರೆ ನೀರು, ಶರಬತ್ತಲ್ಲ. ಉಪ್ಪನ್ನು ಒಮ್ಮೆಲೇ ಬಿಡುವುದಿಲ್ಲ; ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಯೂ ಅದನ್ನು ಏರಿಸುತ್ತದೆ. ಹಾಗಾಗಿ ಮಂಡಿನೋವಿಗೆ ಕೇಳದೆ ಏನೂ ನುಂಗುವುದಿಲ್ಲ. ರಾತ್ರಿಯ ಮಾತ್ರೆಯಾಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡುತ್ತೇನೆ. ಆಗಾಗ ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಯೂ ಉಂಟು. ವಾಂತಿಭೇದಿ ಹತ್ತಿದರೆ, ನಡುಕ ಜೋರಾದರೆ, ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದು ಈಗ ಮೊಮ್ಮಗಳಿಗೂ ಗೊತ್ತು.

ನನ್ನ ಓರಗೆಯವರೇ, ಮಾತ್ರೆ ಒಗ್ಗದಿದ್ದರೆ ನೀವಾಗಿಯೇ ಬಿಡಬೇಡಿ. ಡಾಕ್ಟರಿಗೆ ಹೇಳಿ, ಪ್ರಮಾಣ ಬದಲಿಸುವುದು ಅವರ ಕೆಲಸ.

ಮರುದಿನ ಬ್ಯಾಂಕಿಗೆ ಹೋಗಿ ಹೊಸ ಮಾದರಿ ಸಹಿ ಕೊಟ್ಟೆ. ಗಾಳಿಗೆ ಸಿಕ್ಕ ತೆನೆಯಂತಿತ್ತು. ಮೊಮ್ಮಗಳು ಬಗ್ಗಿ ನೋಡಿ, "ಇದೇ ಚೆನ್ನಾಗಿದೆ ತಾತ, ಯಾರಿಗೂ ಕಾಪಿ ಮಾಡೋಕಾಗಲ್ಲ" ಎಂದಳು.