ಕೈಗೊಪ್ಪುವ ಗಡಿಯಾರ

ಮದುವೆಯಲ್ಲಿ ಅಳಿಯನ ಕೈಗೆ ಗಡಿಯಾರ ಕಟ್ಟುವುದು ಕನ್ನಡ ನಾಡಿನ ಮಧ್ಯಮ ವರ್ಗದ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಉಪಚಾರ. ಹಿಂದೆ ಮಾವನಾದವನು ಅಂಗಡಿಯ ಮೆಟ್ಟಿಲೇರಿದರೆ ಅವನ ಮುಂದಿದ್ದ ಪ್ರಶ್ನೆಗಳು ಎರಡೋ ಮೂರೋ: ಯಾವ ಕಂಪೆನಿಯದು, ಚಿನ್ನದ ನೀರು ಕೊಟ್ಟದ್ದೋ ಬರಿಯ ಉಕ್ಕಿನದೋ, ಚರ್ಮದ ಪಟ್ಟಿಯೋ ಲೋಹದ ಸರಪಳಿಯೋ. ಗಡಿಯಾರ ಎಷ್ಟು ದೊಡ್ಡದಿರಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಗಂಡಸರಿಗೆ ಒಂದು ಅಳತೆ, ಹೆಂಗಸರಿಗೆ ಒಂದು ಅಳತೆ, ಅಲ್ಲಿಗೆ ಮುಗಿಯಿತು. ಇಂದು ಹಾಗಿಲ್ಲ. ರೋಲೆಕ್ಸ್ ಕಂಪೆನಿಯ ಡೇಟ್‌ಜಸ್ಟ್ ಒಂದನ್ನೇ ತೆಗೆದುಕೊಂಡರೂ 28, 31, 36, 41 ಮಿಲಿಮೀಟರುಗಳೆಂದು ನಾಲ್ಕು ವ್ಯಾಸಗಳಲ್ಲಿ ದೊರೆಯುತ್ತದೆ. ಲಕ್ಷಗಟ್ಟಲೆ ಹಣ ತೆರಲು ಸಿದ್ಧನಾಗಿ ಬಂದ ಗೃಹಸ್ಥನು ಈ ನಾಲ್ಕರ ಮುಂದೆ ಬೆರಗಾಗಿ ನಿಂತು, ಕೊನೆಗೆ ‘ಹೆಚ್ಚು ಕೊಟ್ಟ ಮೇಲೆ ದೊಡ್ಡದೇ ಇರಲಿ’ ಎಂದುಕೊಳ್ಳುವುದು ಸಹಜ. ತೊಡಕು ಹುಟ್ಟುವುದೂ ಅಲ್ಲಿಯೇ.

ಬೆಂಗಳೂರಿನ ಒಂದು ಮನೆಯ ಪ್ರಸಂಗ ಹೀಗಿದೆ. ನಿವೃತ್ತರಾದ ತಂದೆಗೆ ಇಬ್ಬರು ಗಂಡುಮಕ್ಕಳು ಸೇರಿ ಸ್ವಿಸ್ ಗಡಿಯಾರವೊಂದನ್ನು ತಂದುಕೊಟ್ಟರು. ವ್ಯಾಸ 44 ಮಿಲಿಮೀಟರು. ತಂದೆಯವರದು ಸಣಕಲು ಮುಂಗೈ. ಕಟ್ಟಿಕೊಂಡಾಗ ಗಡಿಯಾರದ ಎರಡು ತುದಿಗಳೂ ಮಣಿಕಟ್ಟಿನ ಅಂಚನ್ನು ದಾಟಿ ಹಳ್ಳದ ಮೇಲಿನ ಸೇತುವೆಯಂತೆ ನಿಂತವು. ಯುಗಾದಿಗೂ ದೀಪಾವಳಿಗೂ ಅದು ಬೀರುವಿನಿಂದ ಹೊರಬರುತ್ತದೆ. ಉಳಿದ ದಿನಗಳಲ್ಲಿ ಅವರ ಕೈಯಲ್ಲಿರುವುದು ಹಳೆಯ ಎಚ್.ಎಂ.ಟಿ. ಜನತಾ. ಮಕ್ಕಳಿಗೆ ಬೇಸರ, ತಂದೆಗೆ ಸಂಕೋಚ. ಬಾಯಿಬಿಟ್ಟು ಆಡುವವರು ಯಾರೂ ಇಲ್ಲ. ಗಡಿಯಾರದ ಪಟ್ಟಿಯನ್ನು ಬದಲಿಸಬಹುದು, ಒಡೆದ ಗಾಜನ್ನು ಹೊಸದಾಗಿ ಕೂರಿಸಬಹುದು, ಯಂತ್ರಕ್ಕೆ ಎಣ್ಣೆ ಹಾಕಿಸಬಹುದು. ಕವಚದ ಅಳತೆ ಮಾತ್ರ ಕೊಂಡ ದಿನದ್ದೇ ಕೊನೆಯವರೆಗೂ.

ಆ ಜನತಾ ಗಡಿಯಾರದ ವ್ಯಾಸ ಸುಮಾರು 35 ಮಿಲಿಮೀಟರು. ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಎಚ್.ಎಂ.ಟಿ. 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಸತೊಡಗಿದಾಗ ಲೋಕದಲ್ಲೆಲ್ಲ ಗಂಡಸರ ಗಡಿಯಾರ ಹೆಚ್ಚುಕಡಿಮೆ ಅಷ್ಟೇ ಇದ್ದಿತು. ಅದಕ್ಕೂ ಹಿಂದೆ ಇನ್ನೂ ಚಿಕ್ಕದು. ಜಿನೀವಾದ ಪಾಟೆಕ್ ಫಿಲಿಪ್ 1932ರಲ್ಲಿ ಹೊರತಂದ ಪ್ರಸಿದ್ಧ ಕಲಾತ್ರಾವಾ ಗಡಿಯಾರದ ಅಗಲ 31 ಮಿಲಿಮೀಟರಿನಷ್ಟು. ಇಂದಿನ ಅಂಗಡಿಯಲ್ಲಿ ಅದನ್ನು ಹೆಂಗಸರ ಸಾಲಿನಲ್ಲಿ ಇಟ್ಟುಬಿಟ್ಟಾರು. ಮತ್ತೊಂದು ವಿನೋದವುಂಟು. ಸ್ವಿಸ್ ಕಂಪೆನಿಯಾದ ಔಡೆಮಾರ್ ಪಿಗೆ 1972ರಲ್ಲಿ ರಾಯಲ್ ಓಕ್ ಎಂಬುದನ್ನು 39 ಮಿಲಿಮೀಟರಿಗೆ ತಯಾರಿಸಿದಾಗ ಜನ ಹುಬ್ಬೇರಿಸಿ ‘ಜಂಬೋ’ ಎಂದು ಹೆಸರಿಟ್ಟರು. ಇಂದು 39 ಎಂದರೆ ನಡುವಯಸ್ಸಿನ ಸಾಧುಪ್ರಾಣಿ.

ಹಿಗ್ಗುವಿಕೆ ನಿಜವಾಗಿ ವೇಗ ಪಡೆದದ್ದು 1993ರ ನಂತರ. ಇಟಲಿಯ ನೌಕಾದಳದ ಮುಳುಗುಗಾರರಿಗೆಂದು 47 ಮಿಲಿಮೀಟರಿನ ಗಡಿಯಾರಗಳನ್ನು ಒದಗಿಸುತ್ತಿದ್ದ ಫ್ಲಾರೆನ್ಸಿನ ಪಾನೆರಾಯ್ ಕಂಪೆನಿ ಆ ವರ್ಷ 44 ಮಿಲಿಮೀಟರಿನವನ್ನು ಸಾರ್ವಜನಿಕರಿಗೆ ಮಾರಾಟಕ್ಕಿಟ್ಟಿತು. ಚಲಚ್ಚಿತ್ರ ನಟ ಸಿಲ್ವೆಸ್ಟರ್ ಸ್ಟಾಲೋನ್ ಅದನ್ನು ಕಟ್ಟಿ ಮೆರೆದದ್ದೇ ತಡ, ಕತ್ತಲ ನೀರಿನಲ್ಲಿ ಮುಳುಗಿ ಗಂಟೆ ನೋಡಲು ಹುಟ್ಟಿದ ಗಾತ್ರ, ಕಚೇರಿಯ ಬೆಳಕಿನಲ್ಲಿ ಕುಳಿತವರ ಕೈಗಳಿಗೂ ಏರಿತು. ಹಾಗೆಂದು ಆ ಅಲೆ ಇಳಿಯದೆಯೂ ಇಲ್ಲ. ಮಾನವನು ಎವರೆಸ್ಟ್ ಶಿಖರವನ್ನು ಮೆಟ್ಟಿದ 1953ರಲ್ಲೇ ಹೊರಬಂದ ರೋಲೆಕ್ಸ್ ಎಕ್ಸ್‌ಪ್ಲೋರರ್ ಅರ್ಧ ಶತಮಾನಕ್ಕೂ ಮೀರಿ 36 ಮಿಲಿಮೀಟರಾಗಿಯೇ ಉಳಿದಿತ್ತು. 2010ರಲ್ಲಿ ಕಂಪೆನಿ ಅದನ್ನು 39ಕ್ಕೆ ಹಿಗ್ಗಿಸಿತು; 2021ರಲ್ಲಿ ಮರಳಿ 36ಕ್ಕೆ ತಂದಿತು; 2023ರಲ್ಲಿ 40ರದನ್ನೂ ಪಕ್ಕದಲ್ಲಿಟ್ಟಿತು. ‘ಚಿಕ್ಕದಾಯಿತು’ ಎಂದು 36ನ್ನು ಮಾರಿ 39ನ್ನು ಕೊಂಡ ರಸಿಕನು 2021ರಲ್ಲಿ ಏನೆಂದುಕೊಂಡನೋ! ಗಡಿಯಾರದ ಅಳತೆ ಹನ್ನೆರಡು ವರ್ಷದೊಳಗೆ ಹೀಗೆ ಹೋಗಿ ಬಂದರೂ ಅವನ ಮುಂಗೈ ಮಾತ್ರ ಇದ್ದಂತೆಯೇ ಇದ್ದಿರಬೇಕು.

ಆದುದರಿಂದ ಅಳತೆಗೋಲನ್ನು ಮೊದಲು ಇಡಬೇಕಾದುದು ಕೈಯ ಮೇಲೆ. ಮಣಿಕಟ್ಟಿಗೆ ದಾರ ಸುತ್ತಿ ನೋಡುವುದು ರೂಢಿ. ಸುತ್ತಳತೆ 16-17 ಸೆಂಟಿಮೀಟರಾದರೆ 36ರಿಂದ 40ರವರೆಗಿನ ಗಡಿಯಾರ ಒಪ್ಪುತ್ತದೆಂದು ಅಂಗಡಿಯವರು ಹೇಳುತ್ತಾರೆ. ಈ ಸೂತ್ರ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. 17 ಸೆಂಟಿಮೀಟರು ಸುತ್ತಳತೆಯ ಎರಡು ಕೈಗಳಲ್ಲಿ ಒಂದು ಚಪ್ಪಟೆಯಾಗಿದ್ದು 60 ಮಿಲಿಮೀಟರು ಅಗಲವಿರಬಹುದು; ಮತ್ತೊಂದು ದುಂಡಗಿದ್ದು 54 ಇರಬಹುದು. ದಾರಕ್ಕೆ ಈ ಭೇದ ತಿಳಿಯದು. ಅಂಗೈಯನ್ನು ಮೇಜಿನ ಮೇಲೆ ಊರಿ, ಗಡಿಯಾರ ಕೂರುವ ಜಾಗದಲ್ಲಿ ಅಡ್ಡಲಾಗಿ ಅಳತೆಪಟ್ಟಿಯನ್ನಿಟ್ಟು ಮೇಲ್ಭಾಗದ ಅಗಲವನ್ನು ಗುರುತಿಸಿಕೊಳ್ಳುವುದು ಹೆಚ್ಚು ಉಪಯುಕ್ತ.

ಈ ಅಗಲಕ್ಕೆ ಹೋಲಿಸಬೇಕಾದುದು ಗಡಿಯಾರದ ವ್ಯಾಸವನ್ನಲ್ಲ. ಪಟ್ಟಿಯನ್ನು ಸಿಕ್ಕಿಸಲು ಕವಚದ ಮೇಲೆ ಕೆಳಗೆ ಚಾಚಿಕೊಂಡಿರುವ ನಾಲ್ಕು ತುದಿಗಳಿರುತ್ತವೆ. ಅಂಗಡಿಯವರು ಅವನ್ನು ಲಗ್ ಎನ್ನುತ್ತಾರೆ. ಫ್ರೆಂಚ್ ಗಡಿಯಾರದವರು ಕೊಂಬುಗಳೆಂದೇ ಕರೆಯುತ್ತಾರೆ. ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದವೇ ಕೈಯ ಮೇಲೆ ಕೂರುವ ನಿಜವಾದ ಗಾತ್ರ. ಚಂದ್ರನ ಮೇಲೆ ಹೋಗಿಬಂದ ಖ್ಯಾತಿಯ ಒಮೆಗಾ ಸ್ಪೀಡ್‌ಮಾಸ್ಟರ್ 42 ಮಿಲಿಮೀಟರಿನದಾದರೂ ಈ ಉದ್ದ 48ರ ಒಳಗೇ ನಿಲ್ಲುತ್ತದೆ. 44ರ ಪಾನೆರಾಯ್‌ನಲ್ಲಿ ಅದು 50ನ್ನು ದಾಟುತ್ತದೆ. ವ್ಯಾಸದ ಹೆಚ್ಚಳ ಎರಡೇ ಆದರೂ ಕೈಗೆ ತಿಳಿಯುವ ವ್ಯತ್ಯಾಸ ಅದಕ್ಕಿಂತ ಹೆಚ್ಚು. ಜರ್ಮನಿಯ ಗ್ಲಾಸ್‌ಹ್ಯೂಟೆ ಎಂಬ ಊರಿನ ನೋಮೋಸ್ ಕಂಪೆನಿಯ 35 ಮಿಲಿಮೀಟರಿನ ಟ್ಯಾಂಜೆಂಟೆಗೆ ನೀಳವಾದ ನೇರ ಕೊಂಬುಗಳು. ಅದನ್ನು 36ರ ಎಕ್ಸ್‌ಪ್ಲೋರರ್ ಪಕ್ಕದಲ್ಲಿಟ್ಟರೆ, ಹೆಸರಿಗೆ ಚಿಕ್ಕದಾದ ಟ್ಯಾಂಜೆಂಟೆಯೇ ಉದ್ದವಾಗಿ ಕಾಣುವುದು, ಉದ್ದವಾಗಿರುವುದು ಸಹ.

ಕೊಂಬುಗಳ ಉದ್ದ ಮುಂಗೈಯ ಅಗಲಕ್ಕಿಂತ ಎರಡೂ ಬದಿಗೆ ಒಂದೆರಡು ಮಿಲಿಮೀಟರಾದರೂ ಕಡಮೆಯಿದ್ದರೆ ಗಡಿಯಾರ ಅಲುಗದೆ ಕೂರುತ್ತದೆ. ಕೊಂಬುಗಳು ಕೆಳಮುಖವಾಗಿ ಬಾಗಿದ್ದರೆ ಮತ್ತಷ್ಟು ಅನುಕೂಲ. ಅಂಗಡಿಗೆ ಹೋಗುವ ಮುನ್ನವೇ ರಟ್ಟಿನ ತುಂಡೊಂದನ್ನು ಆ ಉದ್ದಕ್ಕೆ ಕತ್ತರಿಸಿ ಕೈಯ ಮೇಲಿಟ್ಟು ನೋಡಬಹುದು, ಖರ್ಚಿಲ್ಲದ ಪರೀಕ್ಷೆ.

ಕಣ್ಣಿಗೆ ಕಾಣುವ ಗಾತ್ರವೇ ಬೇರೆ ಲೆಕ್ಕ. ಬಿಳಿಯ ಮುಖದ, ಅಂಚು ತೆಳುವಾದ ಗಡಿಯಾರ ಇದ್ದುದಕ್ಕಿಂತ ದೊಡ್ಡದೆನಿಸುತ್ತದೆ; ಕಪ್ಪು ಮುಖದ, ಅಗಲವಾದ ಬಳೆ ಸುತ್ತಿಕೊಂಡ ಮುಳುಗುಗಾರರ ಗಡಿಯಾರ ಚಿಕ್ಕದೆನಿಸುತ್ತದೆ. ರೋಲೆಕ್ಸ್ ಸಬ್‌ಮರೀನರ್ 2020ರಲ್ಲಿ 40ರಿಂದ 41ಕ್ಕೆ ಬೆಳೆದರೂ ಕೊಂಬುಗಳನ್ನು ತೆಳುವಾಗಿಸಿದ್ದರಿಂದ ‘ಸಣ್ಣಗಾಗಿದೆ’ ಎಂದವರೇ ಬಹಳ. ಚೌಕದ ಗಡಿಯಾರಗಳಿಗಂತೂ ಈ ಸಂಖ್ಯೆಗಳು ಅನ್ವಯಿಸವು. ಕಾರ್ತಿಯೇ ಕಂಪೆನಿಯ ಟ್ಯಾಂಕ್ ಲೂಯಿ ದೊಡ್ಡ ಅಳತೆಯದು 33.7ಕ್ಕೆ 25.5 ಮಿಲಿಮೀಟರು ಮಾತ್ರ, ದಪ್ಪ 6.6, ಆದರೂ ಗಂಡಸಿನ ಕೈಯಲ್ಲಿ ಅದು ಚಿಕ್ಕದೆಂದು ಯಾರೂ ಹೇಳಲಾರರು. ಇನ್ನು ದಪ್ಪ 13 ಮಿಲಿಮೀಟರನ್ನು ಮುಟ್ಟಿತೆಂದರೆ ಅಂಗಿಯ ತೋಳು ಅದರ ಮೇಲೆ ಜಾರದು. ತುಂಬುತೋಳಿನ ಅಂಗಿ ತೊಡುವವರು ಇದನ್ನು ಮರೆಯಬಾರದು.

ಹೆಂಗಸರ ವಿಷಯದಲ್ಲಿ ಅಂಗಡಿಯವರ ಮಾತನ್ನು ಅಷ್ಟಾಗಿ ನಂಬಬೇಕಾಗಿಲ್ಲ. ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿಲಿಮೀಟರು. ಅದಕ್ಕಿಂತ ಕೂದಲೆಳೆ ದೊಡ್ಡದಾದ 28ರ ಗಡಿಯಾರದಲ್ಲಿ ಗಂಟೆ ನೋಡಲು ಚಾಳೀಸು ಬಂದ ಕಣ್ಣಿಗೆ ಪ್ರಯಾಸವೇ. 31 ಅಥವಾ 36ನ್ನು ಕೇಳಿ ತೆಗೆಸಿ ನೋಡುವುದರಲ್ಲಿ ಸಂಕೋಚವೇನೂ ಬೇಡ. ಅದೇ ಕೈಗೆ ಬಳೆ ತೊಡುವವರಾದರೆ ವ್ಯಾಸಕ್ಕಿಂತ ದಪ್ಪದ ಕಡೆಗೆ ಗಮನ ಕೊಡಬೇಕು. ದಪ್ಪ ಗಡಿಯಾರ ಬಳೆಗೆ ತಾಕಿ ಎರಡೂ ಗೀಚಿಹೋಗುತ್ತವೆ.

ಅಂಗಡಿಯಲ್ಲಿ ಕೈಯನ್ನು ಮುಖದ ಹತ್ತಿರ ಹಿಡಿದು ನೋಡಿದರೆ ಎಲ್ಲ ಗಡಿಯಾರವೂ ದೊಡ್ಡದೇ. ಮೊಬೈಲಿನ ಚಿತ್ರವಂತೂ ಇನ್ನೂ ಹಿಗ್ಗಿಸುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು, ಕೈ ಇಳಿಬಿಟ್ಟು, ನಿಲುವುಗನ್ನಡಿಯಲ್ಲಿ ನೋಡಿಕೊಳ್ಳಬೇಕು. ಬೇರೆಯವರು ಕಾಣುವುದು ಹಾಗೆಯೇ. ಬೇಸಗೆಯ ಮಧ್ಯಾಹ್ನ ಮುಂಗೈ ಸ್ವಲ್ಪ ಊದಿಕೊಳ್ಳುವುದರಿಂದ, ಹೋಗುವುದಿದ್ದರೆ ಆ ಹೊತ್ತಿಗೇ ಹೋಗುವುದು ಲೇಸು.

ಆದರೆ ಅಳಿಯನಿಗೆಂದು ಗುಟ್ಟಾಗಿ ಕೊಳ್ಳುವ ಮಾವನಿಗೆ ಈ ಕನ್ನಡಿಯ ಸೌಕರ್ಯವಿಲ್ಲ. ಅಳತೆಪಟ್ಟಿ ಹಿಡಿದು ಹೋದರೆ ಗುಟ್ಟು ರಟ್ಟಾಗುತ್ತದೆ. ವರನು ದಿನವೂ ಕಟ್ಟುವ ಗಡಿಯಾರ ಯಾವುದೆಂದು ತಿಳಿದರೆ ಸಾಕು, ಅದರ ಕೊಂಬುಗಳ ಉದ್ದವನ್ನು ಅಂಗಡಿಯವನೇ ಹೇಳಿಯಾನು. ಕೈಗಡಿಯಾರವನ್ನೇ ಕಟ್ಟದೆ ಮೊಬೈಲಿನಲ್ಲಿ ಗಂಟೆ ನೋಡುವ ಅಳಿಯನಾದರೆ, ನಿಶ್ಚಿತಾರ್ಥದ ದಿನ ನಾದಿನಿಯರ ಕೈಗೆ ಒಂದು ಗೇಣು ದಾರ ಕೊಟ್ಟು ಬಿಡುವುದೇ ಸುಲಭ. ದಾರದ ಜೊತೆಗೆ, ಅವನ ಮುಂಗೈ ಚಪ್ಪಟೆಯೋ ದುಂಡೋ ಎಂಬುದನ್ನೂ ನೋಡಿಕೊಂಡು ಬರುವಂತೆ ಹೇಳಿಕಳಿಸಬೇಕು.