ಅತ್ತೆಯ ಬಿಸ್ಕತ್ತಿನ ಡಬ್ಬ ಕಸ ಅಲ್ಲ ಕಣ್ರೀ

ಈ ವಾರ ಅಡುಗೆ ಇಲ್ಲ, ಮನೆಮದ್ದು ಇಲ್ಲ, ರೇಷ್ಮೆ ಸೀರೆ ಮಡಿಸೋ ವಿಷಯಾನೂ ಇಲ್ಲ. ಈ ವಾರ ಜಗಳ. ಬೇಜಾರು ಮಾಡ್ಕೋಬೇಡಿ, ನಮ್ಮ ಮನೆಯವರ ಮೇಲೂ ಇದೆ, ನಿಮ್ಮ ಮೇಲೂ ಸ್ವಲ್ಪ ಇದೆ.

ವಿಷಯ ಇಷ್ಟೇ. ಹಲಸೂರು, ಶಿವಾಜಿನಗರ, ಫ್ರೇಜರ್ ಟೌನ್ ಕಡೆ ಹಳೇ ಮನೆಗಳ ಅಟ್ಟ ಇಳಿಸಿದ್ರೆ ಎಷ್ಟೋ ಸಲ ಒಂದು ತಗಡಿನ ಡಬ್ಬ ಸಿಗುತ್ತೆ. ಒಳಗೆ ಇಂಗ್ರಿಡ್ ಬರ್ಗ್‌ಮನ್, ಆಡ್ರಿ ಹೆಪ್‌ಬರ್ನ್, ಗ್ರೆಗರಿ ಪೆಕ್, ಕ್ಲಾರ್ಕ್ ಗೇಬಲ್. ಆ ಮನೆಯ ಹೆಂಗಸು ಹುಡುಗಿಯಾಗಿದ್ದಾಗ ಕೂಡಿಟ್ಟ ಹಾಲಿವುಡ್ ನಟ ನಟಿಯರ ಫೋಟೋಗಳು. ಆಕೆ ತೀರಿಕೊಂಡ ಮೇಲೆ, ಇಲ್ಲಾ ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟೋಕೆ ಕೊಟ್ಟಾಗ, ಅವು ಹಳೇ ಪೇಪರ್ ಜೊತೆ ತಕ್ಕಡಿಗೆ ಹೋಗ್ತವೆ. ಹೋಗಬಾರದು ಅಂತ ಹೇಳೋಕೇ ನಾನು ಇವತ್ತು ಕೂತಿರೋದು.

ನಮ್ಮ ಮನೇಲಿ ಆದದ್ದು ಹೇಳ್ತೀನಿ. ನಮ್ಮ ಸೋದರತ್ತೆ ಹಲಸೂರಲ್ಲೇ ಹುಟ್ಟಿ ಬೆಳೆದೋರು. ಆಫೀಸಲ್ಲಿ ಟೈಪಿಸ್ಟ್ ಆಗಿದ್ರು, ಸಂಬಳದ ಕವರ್ ಒಡೀದೆ ತಾತನ ಕೈಗೆ ಕೊಡ್ತಿದ್ರು. ಬಸ್ಸಿಗೆ ಕೊಟ್ಟ ಕಾಸಲ್ಲಿ ಉಳಿಸಿ ಸಿನಿಮಾ ನೋಡ್ತಿದ್ರು, ಫೋಟೋ ಕೊಳ್ತಿದ್ರು. ಒಟ್ಟು ಮೂರು ಡಬ್ಬ. ಅವರು ಹೋದ ಮೇಲೆ, ಹದಿಮೂರು ದಿನ ಮುಗಿದು ಮನೆ ಗುಡಿಸೋವಾಗ, ದೊಡ್ಡಪ್ಪನ ಸ್ಟಾಂಪ್ ಆಲ್ಬಮ್ ಯಾವ ಮೊಮ್ಮಗನಿಗೆ ಅಂತ ಅರ್ಧ ದಿನ ಪಂಚಾಯ್ತಿ ಆಯ್ತು. ಅತ್ತೆಯ ಡಬ್ಬ ಯಾರಿಗೆ ಅಂತ ಯಾರೂ ಕೇಳ್ಲಿಲ್ಲ. ನಾನು ಹೋಗೋಷ್ಟರಲ್ಲಿ ಒಂದು ಡಬ್ಬ ಗುಜರಿಯೋನ ಕೈ ಸೇರಿತ್ತು. ಶಿವಾಜಿನಗರದಲ್ಲಿ ಎರಡು ದಿನ ಅಂಗಡಿ ಅಂಗಡಿ ತಿರುಗಿದೆ. ಸಿಗ್ಲಿಲ್ಲ. ಉಳಿದ ಎರಡು ನನ್ನ ಹತ್ರ ಇವೆ.

ಈಗ ನನ್ನ ಪ್ರಶ್ನೆ. ಗಂಡಸು ಸ್ಟಾಂಪು, ನಾಣ್ಯ, ಬೆಂಕಿಪೊಟ್ಟಣದ ಚೀಟಿ ಕೂಡಿಟ್ರೆ ಅದು ಹವ್ಯಾಸ, ಸಂಗ್ರಹ. ಹೆಂಗಸು ಫೋಟೋ ಕೂಡಿಟ್ರೆ ಅದು ಹುಚ್ಚು. ಎರಡೂ ಕಾಗದಾನೇ ತಾನೆ? ಎರಡಕ್ಕೂ ಅಷ್ಟೇ ತಾಳ್ಮೆ ಬೇಕು, ಅಷ್ಟೇ ಕಣ್ಣು ಬೇಕು. ವ್ಯತ್ಯಾಸ ಕೂಡಿಟ್ಟ ಕೈಯಲ್ಲಿದೆ, ಅಷ್ಟೇ.

ನಿಮ್ಮ ಉತ್ತರಗಳು ನನಗೆ ಗೊತ್ತು. ಒಂದೊಂದಾಗಿ ಬರೋಣ.

"ಇಂಗ್ಲಿಷ್ ಸಿನಿಮಾ ನಮ್ಮದಲ್ಲ ಬಿಡಮ್ಮಾ" ಅಂತೀರಿ. ನಮ್ಮದಲ್ಲದೆ ಇನ್ಯಾರದು? ದಂಡು ಪ್ರದೇಶದ ಥಿಯೇಟರುಗಳನ್ನ ನೆನೆಸ್ಕೊಳ್ಳಿ. ಎಂ.ಜಿ. ರೋಡಿನ ಪ್ಲಾಜಾ ಶುರುವಾಗಿದ್ದು 1936ರಲ್ಲಿ, ಆಗ ಆ ರಸ್ತೆಗೆ ಸೌತ್ ಪರೇಡ್ ಅಂತ ಹೆಸರು. ಪ್ಲಾಜಾ ಇದ್ದ ಕಡೆ ಇವತ್ತು ಮೆಟ್ರೋ ಸ್ಟೇಷನ್. ಹಲಸೂರಿನ ಲಿಡೋ ಇದ್ದಲ್ಲಿ ಮಾಲ್ ಬಂದಿದೆ. ಬ್ರಿಗೇಡ್ ರೋಡಿನ ರೆಕ್ಸ್ 2018ರ ಕೊನೇಲಿ ಬಾಗಿಲು ಹಾಕ್ತು. ಥಿಯೇಟರಿನ ಮುಂದೆ ಗಾಜಿನ ಪೆಟ್ಟಿಗೇಲಿ ಫೋಟೋ ಹಾಕ್ತಿದ್ರಲ್ಲ, ಟಿಕೆಟ್ಟಿಗೆ ಕಾಸಿಲ್ಲದೋರೂ ನಿಂತು ನೋಡ್ಕೊಂಡು ಬರ್ತಿದ್ರಲ್ಲ, ಆ ಲೋಕದಲ್ಲಿ ಉಳಿದಿರೋದು ಈ ಡಬ್ಬಗಳಷ್ಟೇ.

ಇನ್ನೂ ಕೇಳಿ. ಹಾಲಿವುಡ್ಡಿನಲ್ಲಿ ಸ್ಟಾರ್ ಅನ್ನಿಸಿಕೊಂಡ ಮೊದಮೊದಲ ಭಾರತದ ಹುಡುಗರಲ್ಲಿ ಒಬ್ಬ ನಮ್ಮ ಮೈಸೂರು ಸೀಮೆಯೋನು, ಸಾಬು. 1924ರಲ್ಲಿ ಕಾಕನಕೋಟೆ ಕಾಡಿನ ಹತ್ರದ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ಬಂತು, 1940ರಲ್ಲಿ 'ಥೀಫ್ ಆಫ್ ಬಾಗ್ದಾದ್', 1942ರಲ್ಲಿ 'ಜಂಗಲ್ ಬುಕ್'. 1944ರಲ್ಲಿ ಅಮೆರಿಕದ ಪ್ರಜೆಯಾದ. ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡಿದ, ಪದಕಾನೂ ಬಂತು. 1963ರಲ್ಲಿ, ಮೂವತ್ತೊಂಬತ್ತನೇ ವಯಸ್ಸಿಗೇ ತೀರಿಕೊಂಡ. ಅತ್ತೆಯ ಡಬ್ಬದಲ್ಲಿ ಅವನ ಫೋಟೋ ಎರಡಿದೆ. ಮನೆ ಹುಡುಗರಿಗೆ ತೋರಿಸಿದ್ರೆ "ಯಾರಿದು?" ಅಂದ್ರು. ಅತ್ತೆಗೆ ಗೊತ್ತಿತ್ತು. ನಮಗೆ ಮರೆತದ್ದನ್ನ ಆ ಡಬ್ಬ ನೆನಪಿಟ್ಕೊಂಡಿದೆ.

ನಮ್ಮ ತಂಗಿ ಮಗಳು ಕಾಲೇಜು ಓದ್ತಾಳೆ, ಅವಳ ತಕರಾರು ಬೇರೆ. "ಬಿಳೀ ತೊಗಲಿನ ವ್ಯಾಮೋಹ ಅಲ್ವಾ ದೊಡ್ಡಮ್ಮಾ ಅದು?" ಅಂದ್ಲು. ಒಳ್ಳೇ ಪ್ರಶ್ನೆ, ತಳ್ಳಿಹಾಕಲ್ಲ. ಸಾಬೂನೇ ನೋಡಿ, ಎಷ್ಟು ಫೋಟೋದಲ್ಲಿ ಅವನಿಗೆ ಬರೀ ಪೇಟ, ಪಂಚೆ, ಜೊತೆಗೆ ಆನೆ. ಅವನು ಹಾಗೇ ಕಾಣಬೇಕು ಅಂತ ಅವರ ಇಷ್ಟ. ಮೆರ್ಲ್ ಓಬೆರಾನ್ ಕಥೆ ಇನ್ನೂ ನೋವಿನದು. 1911ರಲ್ಲಿ ಮುಂಬೈಯಲ್ಲಿ ಹುಟ್ಟಿ, ಕಲ್ಕತ್ತಾದಲ್ಲಿ ಬೆಳೆದ ಆಂಗ್ಲೋ ಇಂಡಿಯನ್ ಹುಡುಗಿ. ಭಾರತದೋಳು ಅಂತ ಗೊತ್ತಾದ್ರೆ ಅವಕಾಶ ಸಿಗಲ್ಲ ಅಂತ, ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ದೆ ಅಂತ ಹೇಳ್ಕೊಂಡೇ ಬದುಕಿದ್ಲು. 1979ರಲ್ಲಿ ಅವಳು ಸತ್ತ ಮೇಲೇನೇ ನಿಜ ಊರೆಲ್ಲಾ ಗೊತ್ತಾಗಿದ್ದು. ಆ ಮುಖವನ್ನ ಹಲಸೂರಿನ ಹುಡುಗಿ ಒಬ್ಳು ಇಷ್ಟಪಟ್ಟು ಡಬ್ಬದಲ್ಲಿ ಇಟ್ಕೊಂಡಿದ್ಲು. ಮಗೂ, ಬಣ್ಣದ ಹುಚ್ಚು ಎಂಥಾದ್ದು ಅಂತ ತಿಳೀಬೇಕಂದ್ರೂ ಆ ಫೋಟೋ ಇರಬೇಕಲ್ವಾ? ಎಸೆದ್ಬಿಟ್ರೆ ಏನನ್ನ ನೋಡಿ ಕಲೀತೀಯ?

ಮೂರನೇದು, "ಎಲ್ಲಾ ಇಂಟರ್ನೆಟ್‌ನಲ್ಲಿ ಸಿಗುತ್ತೆ." ಮುಂದಿನ ಮುಖ ಸಿಗುತ್ತೆ ಕಣ್ರೀ, ಹಿಂದಿನ ಮುಖ ಸಿಗಲ್ಲ. ಅತ್ತೆ ಪ್ರತಿ ಫೋಟೋ ಹಿಂದೆ ಪುಟ್ಟದಾಗಿ ಬರೆದಿದಾರೆ. ಹೆಪ್‌ಬರ್ನ್ ಹಿಂದೆ "ಪ್ಲಾಜಾ. ಮ್ಯಾಟಿನಿ. ಮಳೆ. ಮನೇಲಿ ಹೇಳಿಲ್ಲ" ಅಂತಿದೆ. ಇನ್ನೊಂದರ ಹಿಂದೆ "ನಾಲ್ಕಾಣೆ. ಜಾಸ್ತಿಯಾಯ್ತು" ಅಂತ. ಅವರಿಗೆ ಡೈರಿ ಇರ್ಲಿಲ್ಲ. ಪಾಸ್‌ಬುಕ್ಕು, ರೇಷನ್ ಕಾರ್ಡು, ಪಿಂಚಣಿ ಕಾಗದ ಎಲ್ಲಾ ಜೋಪಾನವಾಗಿವೆ. ಅದರಲ್ಲೆಲ್ಲಾ ಅವರು ಯಾರೋ ಒಬ್ಬರ ಮಗಳು, ಯಾರೋ ಒಬ್ಬರ ತಂಗಿ. ತನಗೆ ಏನು ಇಷ್ಟ ಅಂತ ಅವರು ತಾವೇ ಬರೆದಿಟ್ಟಿದ್ದು ಆ ಫೋಟೋಗಳ ಬೆನ್ನಿನ ಮೇಲೆ ಮಾತ್ರ.

ಕೊನೇದು, "ಅದಕ್ಕೇನು ಬೆಲೆ ಬರುತ್ತೆ?" ಸುಳ್ಳು ಹೇಳಲ್ಲ, ಹೆಚ್ಚಿನವಕ್ಕೆ ಏನೂ ಬರಲ್ಲ. ಪತ್ರಿಕೆಯಿಂದ ಕತ್ತರಿಸಿದ್ದು, ಪೋಸ್ಟ್‌ಕಾರ್ಡು, ಅಭಿಮಾನಿಗಳಿಗೆ ಅಂಚೇಲಿ ಬರ್ತಿದ್ದ ಫೋಟೋ, ಇವೇ ಜಾಸ್ತಿ. ಅಂಚೇಲಿ ಬಂದದ್ದರ ಮೇಲಿನ ಸಹಿ ಬಹಳ ಸಲ ಅಚ್ಚು ಹಾಕಿದ್ದು, ಇಲ್ಲಾ ಕಾರ್ಯದರ್ಶಿ ಹಾಕಿದ್ದು. ಫೋಟೋನ ಬೆಳಕಿಗೆ ಓರೆ ಹಿಡಿದು ನೋಡಿ, ನಿಜವಾದ ಶಾಯಿ ಕಾಗದದ ಮೇಲೆ ಬೇರೆಯಾಗಿ ಕಾಣುತ್ತೆ. ಎಂಟು ಇಂಚು ಹತ್ತು ಇಂಚಿನ ಹೊಳಪು ಫೋಟೋ, ಹಿಂದೆ ಸ್ಟುಡಿಯೋ ಮುದ್ರೆ ಅಥವಾ ಸಿನಿಮಾ ಹೆಸರಿನ ಚೀಟಿ ಇದ್ರೆ ಅದು ಪ್ರಚಾರಕ್ಕೆ ಅಂತ ಸ್ಟುಡಿಯೋನೇ ಹಂಚಿದ್ದಿರಬಹುದು. ಅಂಥದ್ದನ್ನ ಕೊಳ್ಳೋರಿದಾರೆ. ಆದ್ರೆ ನಮ್ಮಮ್ಮನ ಕಾಸಿನ ಸರ ಅಕ್ಕಸಾಲಿ ಎಷ್ಟಕ್ಕೆ ತೂಗ್ತಾನೆ ಅಂತ ನೋಡಿ ಇಟ್ಕೊಂಡಿದೀವಾ ನಾವು? ಇಂದಿರಾನಗರದ ಪಬ್ಬುಗಳಲ್ಲಿ ಹೊಸದಾಗಿ ಪ್ರಿಂಟ್ ಹಾಕಿದ ಮರ್ಲಿನ್ ಮನ್ರೋಳನ್ನ ಗೋಡೆಗೆ ನೇತುಹಾಕಿದ್ರೆ "ಎಷ್ಟು ಚೆನ್ನಾಗಿದೆ" ಅಂತ ಮುಂದೆ ನಿಂತು ಸೆಲ್ಫಿ ತಗೋತಾರೆ ನಮ್ಮ ಮಕ್ಕಳು. ಮನೆಯ ಅಸಲಿ ಮಾತ್ರ ಕೆ.ಜಿ. ಲೆಕ್ಕದಲ್ಲಿ ಹೋಗಬೇಕಾ?

ಇನ್ನೊಂದು ಮಾತು, ಧಾರವಾಡದ ಕಡೆ ನೆಂಟರು ಕೇಳಿಸ್ಕೊಳ್ಳಿ. ಲಕ್ಸ್ ಸೋಪಿನ ಜಾಹೀರಾತಲ್ಲಿ ಹಾಲಿವುಡ್ ನಟಿಯರೇ ತುಂಬಿದ್ದ ಕಾಲ ಇತ್ತು. 1941ರಲ್ಲಿ ಅದರಲ್ಲಿ ಮೊದಲು ಬಂದ ಭಾರತದ ನಟಿ ಲೀಲಾ ಚಿಟ್ನಿಸ್, ಹುಟ್ಟಿದ್ದು ನಿಮ್ಮ ಧಾರವಾಡದಲ್ಲೇ. ನಿಮ್ಮಜ್ಜಿ ಟ್ರಂಕಿನ ತಳಕ್ಕೆ ಹಾಸಿರೋ ಹಳೇ ಪತ್ರಿಕೆ ಎಸೆಯೋ ಮುಂಚೆ ಒಂದ್ಸಲ ಬಿಡಿಸಿ ನೋಡಿ.

ಇಟ್ಕೊಳ್ಳೋದು ಕಷ್ಟ ಏನಿಲ್ಲ. ಲ್ಯಾಮಿನೇಷನ್ ಮಾತ್ರ ದಯವಿಟ್ಟು ಮಾಡಿಸ್ಬೇಡಿ, ಬಿಸಿ ತಾಗಿ ಅಂಟಿದ ಪ್ಲಾಸ್ಟಿಕ್ಕನ್ನ ಆಮೇಲೆ ಬಿಡಿಸೋಕಾಗಲ್ಲ. ಅಂಟಿನ ಹಾಳೆಯ ಆಲ್ಬಮ್ಮೂ ಬೇಡ, ಆ ಅಂಟೇ ಫೋಟೋನ ತಿನ್ನುತ್ತೆ. ಒಂದೊಂದರ ಮಧ್ಯೆ ಆಮ್ಲವಿಲ್ಲದ ಬಿಳೀ ಕಾಗದ ಇಟ್ಟು, ಮಲಗಿಸಿ, ಕಬ್ಬಿಣದ ಬೀರುವಿನಲ್ಲಿ ಇಡಿ. ಅಟ್ಟದ ಬಿಸಿಲೂ ಬೇಡ, ಹೊರಗೋಡೆಯ ಮಳೆಗಾಲದ ತೇವಾನೂ ಬೇಡ. ನುಸಿಗುಳಿಗೆ ಸೀರೆಗಿರಲಿ, ಫೋಟೋ ಹತ್ರ ಬೇಡ. ಬೆನ್ನ ಮೇಲೆ ಬರೆಯೋದಾದ್ರೆ ಮೆತ್ತಗಿನ ಪೆನ್ಸಿಲ್‌ನಲ್ಲಿ, ಬಾಲ್ ಪೆನ್ ಒತ್ತಿದ್ರೆ ಮುಂದೆ ಗೀರು ಬೀಳುತ್ತೆ. ಮೊಬೈಲಲ್ಲಿ ಎರಡೂ ಬದಿ ತೆಗೆದು ಮನೆ ಮಂದಿಗೆಲ್ಲಾ ಕಳಿಸಿ. ಸೊಸೆಗೂ ಕಳಿಸಿ, ಮಗನಿಗೊಬ್ಬನಿಗೇ ಅಲ್ಲ.

ನನ್ನ ಹತ್ರ ಇರೋ ಫೋಟೋಗಳಲ್ಲಿ ಒಂದರ ಹಿಂದೆ ಬರೀ ಒಂದು ಅಕ್ಷರ ಇದೆ, ಯಾರದೋ ಹೆಸರಿನ ಮೊದಲಕ್ಷರ. ಯಾರು ಅಂತ ಕೇಳೋಕೆ ಅತ್ತೆ ಇಲ್ಲ. ನಿಮ್ಮಮ್ಮ, ನಿಮ್ಮತ್ತೆ, ಪಕ್ಕದ ಮನೆ ಅಜ್ಜಿ ಇನ್ನೂ ಇದಾರಲ್ಲ? ಡಬ್ಬ ಇಳಿಸಿ, ಕಾಫಿ ಕೊಟ್ಟು ಪಕ್ಕದಲ್ಲಿ ಕೂತ್ಕೊಳ್ಳಿ. ಈ ವಾರಾನೇ ಕೇಳ್ಬಿಡಿ.