ಒತ್ತು ಎಲ್ಲಿ ಬೀಳಬೇಕು?

ಕನ್ನಡದಲ್ಲಿ ಒತ್ತು ಎಂದರೆ ಅಕ್ಷರದ ಕೆಳಗೆ ಬರೆಯುವಂಥದು, ಕಣ್ಣಿಗೆ ಕಾಣುತ್ತದೆ. ಇಂಗ್ಲಿಷಿನ ಒತ್ತು ದನಿಯಲ್ಲಿ ಮಾತ್ರ ಇದೆ. ಸಾಮಾನ್ಯ ಬರವಣಿಗೆಯಲ್ಲಿ ಅದಕ್ಕೆ ಗುರುತೇ ಇಲ್ಲ. ಹೊರನಾಡಿನ ನಮ್ಮ ಮನೆಗಳಲ್ಲಿ ಮಕ್ಕಳು ಹಿರಿಯರ ಇಂಗ್ಲಿಷನ್ನು ಕೇಳಿ ಮುಸಿಮುಸಿ ನಗುವುದುಂಟಲ್ಲ, ಅದಕ್ಕೆ ಇದೂ ಒಂದು ಕಾರಣ.

‘ಟೆಲಿಫೋನ್ ಡೈರೆಕ್ಟರಿ’ ಎಂಬ ಜೋಡುಪದವನ್ನು ತೆಗೆದುಕೊಳ್ಳಿ. ವಸ್ತು ಈಗ ಅಪರೂಪ, ಪದ ಉಳಿದಿದೆ. ಬಿಡಿಸಿದರೆ ಟೆ-ಲಿ-ಫೋನ್-ಡೈ-ರೆಕ್-ಟ-ರಿ ಎಂದು ಏಳು ತುಂಡು. ನಾವು ಏಳಕ್ಕೂ, ಪಂಕ್ತಿಯಲ್ಲಿ ಎಲೆಎಲೆಗೆ ಬಡಿಸಿದಂತೆ, ಸರಿಸಮನಾಗಿ ದನಿ ಹಂಚುತ್ತೇವೆ. ಇಂಗ್ಲಿಷರಾದರೋ ‘ಟೆ’ಗೆ ಹೆಚ್ಚಿನ ಒತ್ತು, ‘ರೆಕ್’ಗೆ ಅದಕ್ಕಿಂತ ಕಡಿಮೆ ಒತ್ತು ಕೊಟ್ಟು, ಉಳಿದವನ್ನು ಹಗುರವಾಗಿ ದಾಟಿಬಿಡುತ್ತಾರೆ.

ಇದು ಬರಿಯ ಠೀವಿಯಲ್ಲ, ಅರ್ಥವೂ ಬದಲಾಗುತ್ತದೆ. ‘ಇಂಗ್ಲಿಷ್ ಟೀಚರ್’ ಎಂಬಲ್ಲಿ ಒತ್ತು ‘ಇಂಗ್’ ಮೇಲೆ ಬಿದ್ದರೆ ಇಂಗ್ಲಿಷ್ ಕಲಿಸುವವರು. ‘ಟೀ’ ಮೇಲೆ ಬಿದ್ದರೆ ಇಂಗ್ಲೆಂಡಿನ ಉಪಾಧ್ಯಾಯರು! ‘ಲೈಟ್ ಹೌಸ್ ಕೀಪರ್’ ಎಂಬಲ್ಲಿ ‘ಲೈಟ್’ ಒತ್ತಿದರೆ ದೀಪಸ್ತಂಭ ಕಾಯುವವನು. ‘ಹೌಸ್’ ಒತ್ತಿದರೆ ಹಗುರ ಮೈಯ ಮನೆವಾರ್ತೆಯವಳು.

ಎರಡು ನಾಮಪದ ಕೂಡಿ ಒಂದೇ ವಸ್ತುವಿನ ಹೆಸರಾದರೆ ಸಾಮಾನ್ಯವಾಗಿ ಮೊದಲ ಪದಕ್ಕೆ ಒತ್ತು. ಆದರೆ ಸೂತ್ರ ಹಿಡಿದು ಹೊರಟರೆ ಅಪವಾದ ಎದುರಾಗುತ್ತದೆ. ‘ಆಕ್ಸ್‌ಫರ್ಡ್ ಸ್ಟ್ರೀಟ್’ನಲ್ಲಿ ಒತ್ತು ಮೊದಲ ಪದಕ್ಕೆ, ‘ಆಕ್ಸ್‌ಫರ್ಡ್ ರೋಡ್’ನಲ್ಲಿ ಎರಡನೆಯದಕ್ಕೆ. ಏಕೆಂದು ಕೇಳಿದರೆ, ರೂಢಿ! ಡೇನಿಯಲ್ ಜೋನ್ಸ್ 1917ರಲ್ಲಿ ಇಂಗ್ಲಿಷ್ ಉಚ್ಚಾರಣೆಗೆಂದೇ ನಿಘಂಟು ಹೊರತಂದರೆಂದಮೇಲೆ, ಆ ಭಾಷೆಯವರಿಗೂ ಇದು ಸುಲಭವಲ್ಲವೆಂದಾಯಿತು. ಇಂದಿನ ಅನೇಕ ನಿಘಂಟುಗಳಲ್ಲಿ ಒತ್ತು ಬೀಳುವ ತುಂಡಿಗೆ ಮೊದಲು, ಮೇಲ್ಗಡೆ, ಒಂದು ಪುಟ್ಟ ಗೀಟು ಇರುತ್ತದೆ. ಮಕ್ಕಳಿಗೆ ಅದನ್ನು ತೋರಿಸಿ; ನಾವೂ ನೋಡಿಕೊಳ್ಳೋಣ.

ಹಾಗೆಂದು ನಮ್ಮ ಕಿವಿ ಮಂದವೆಂದು ನಾಚಬೇಕಾಗಿಲ್ಲ. ಕನ್ನಡದ ಕಿವಿ ಪಳಗಿರುವುದು ಒತ್ತಿಗಲ್ಲ, ಅಳತೆಗೆ. ‘ಬಳೆ’ಗೂ ‘ಬಾಳೆ’ಗೂ ನಡುವೆ ಇರುವುದು ಒಂದೇ ಮಾತ್ರೆ, ಕೈಗೆ ತೊಡುವುದು ತೋಟದಲ್ಲಿ ಬೆಳೆಯುವುದಾಗುತ್ತದೆ. ಲಘು ಗುರುಗಳನ್ನು ಎಣಿಸಿ ಛಂದಸ್ಸು ಕಟ್ಟಿದವರು ನಾವು.

ಚಿಂತೆ ಬೇರೆಡೆ ಇದೆ. ಅಪ್ಪನ ‘ಡೈರೆಕ್ಟರಿ’ಗೆ ನಗುವ ಮಗುವಿನ ಬಾಯಲ್ಲಿ ‘ಹಳ್ಳಿ’ ಎಂಬುದು ‘ಹಲ್ಲಿ’ಯಾಗುತ್ತಿದೆ. ಅಜ್ಜಿಯನ್ನು ನೋಡಲು ಹಲ್ಲಿಗೆ ಹೋಗುತ್ತೇನೆಂದರೆ ಅಜ್ಜಿ ಏನೆಂದುಕೊಂಡಾರು? ಇಂಗ್ಲಿಷಿನ ಒತ್ತನ್ನು ಶಾಲೆ ತಿದ್ದೀತು. ಈ ಊರುಗಳಲ್ಲಿ ಕನ್ನಡದ ‘ಳ’ಕಾರವನ್ನು ತಿದ್ದಲು ಮನೆಯವರನ್ನು ಬಿಟ್ಟರೆ ಹೆಚ್ಚು ಜನರಿಲ್ಲ. ಆದ್ದರಿಂದ ಮಕ್ಕಳು ನಮ್ಮ ಒತ್ತನ್ನು ತಿದ್ದಲಿ, ಬೇಸರ ಬೇಡ. ನಗದೆ, ಗದರದೆ, ನಾವು ಅವರ ‘ಳ’ಕಾರವನ್ನು ತಿದ್ದೋಣ.